ಬುಧವಾರದ ಮೇಷ್ಟರು ಡಾ|| ಎಚ್. ನರಸಿಂಹಯ್ಯನವರು

ಶಿರೂರಿನಿಂದ ಪುಣೆಗೆ ಬರುವ ನಗರ ರಸ್ತೆಯು ವಾಘೋಲಿ, ಖರಾಡಿಗಳನ್ನು ದಾಟಿ ಪಟ್ಟಣದೊಳಕ್ಕೆ ಕಾಲಿಡುವಲ್ಲಿ ಯೆರವಡಾ ಎಂಬ ಬಡಾವಣೆ ಸಿಕ್ಕುತ್ತದೆ. ಸಾಮಾನು ಸರಂಜಾಮಿಗೆಂದೋ, ಆಸ್ಪತ್ರೆಗೆಂದೋ, ಊರಿಗೆ ಹೋಗುವ ರೈಲು ಹಿಡಿಯಲೆಂದೋ ನಮ್ಮ ಕಡೆಯ ಕನ್ನಡ ಕುಟುಂಬಗಳವರು ಈ ದಾರಿಯನ್ನು ವರ್ಷದಲ್ಲಿ ಎಷ್ಟು ಬಾರಿ ತುಳಿಯುತ್ತಾರೋ ಲೆಕ್ಕವಿಲ್ಲ. ಅಲ್ಲಿನ ಸೆರೆಮನೆಯೆಂದರೆ ಎಲ್ಲರಿಗೂ ನೆನಪಾಗುವವರು ಗಾಂಧೀಜಿ. ೧೯೩೨ರ ಉಪವಾಸ ಮತ್ತು ಪುಣೆ ಒಪ್ಪಂದಗಳು ಅಲ್ಲಿಯೇ ನಡೆದವು. ಅದೇ ಗೋಡೆಗಳ ಹಿಂದೆ ಹತ್ತು ವರ್ಷಗಳ ತರುವಾಯ ಕನ್ನಡ ನಾಡಿನ ಒಬ್ಬ ಬಡ ವಿದ್ಯಾರ್ಥಿಯೂ ಕೆಲಕಾಲ ಕುಳಿತಿದ್ದನೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು. ಆತನು ಮುಂದೆ ಪರಮಾಣು ಭೌತಶಾಸ್ತ್ರದಲ್ಲಿ ಪಂಡಿತನಾಗಿ, ಕಾಲೇಜಿನ ಪ್ರಿನ್ಸಿಪಾಲನಾಗಿ, ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಬೆಳೆದನು. ಇವೆಲ್ಲಕ್ಕಿಂತಲೂ ಹೆಚ್ಚಾಗಿ, ಪ್ರಯೋಗಶಾಲೆಯಲ್ಲಿರುವ ವಿಜ್ಞಾನಿಯನ್ನು ಕೈಹಿಡಿದು ಕರೆತಂದು ಬೀದಿಯ ಮನುಷ್ಯನ ಎದುರಿಗೆ ನಿಲ್ಲಿಸುವ ಕೆಲಸವನ್ನು ವಾರ ತಪ್ಪದೆ ನಡೆಸಿದನು. ಅವರೇ ಡಾಕ್ಟರ್ ಎಚ್. ನರಸಿಂಹಯ್ಯನವರು. ಬೆಂಗಳೂರಿನವರಿಗೆ ಅವರು ಬರಿಯ ಎಚ್ಚೆನ್.

ಅವರು ಹುಟ್ಟಿದ್ದು ೧೯೨೦ನೆಯ ಇಸವಿ ಜೂನ್ ೬ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅಂದಿಗೆ ಅದು ಕೋಲಾರ ಜಿಲ್ಲೆ, ಇಂದು ಚಿಕ್ಕಬಳ್ಳಾಪುರ ಜಿಲ್ಲೆ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ಜಾತಿ, ಬಡತನದ ಮನೆ. ಮಳೆ ಕಡಮೆ, ಕೆರೆ ತುಂಬಿದ ವರ್ಷ ಹಬ್ಬ, ತುಂಬದ ವರ್ಷ ಗುಳೆ. ಬಯಲುಸೀಮೆಯಿಂದ ಬಂದು ಶಿರೂರು, ರಾಂಜಣಗಾಂವಗಳಲ್ಲಿ ನೆಲೆಸಿದವರಿಗೆ ಆ ಬಾಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸೂರಿನ ಶಾಲೆಯ ಓದು ಮುಗಿದ ಮೇಲೆ ಹೈಸ್ಕೂಲು ಅಲ್ಲಿರಲಿಲ್ಲ. ಹಿಂದೆ ಪಾಠ ಹೇಳಿದ್ದ ಉಪಾಧ್ಯಾಯರೊಬ್ಬರು ಬೆಂಗಳೂರಿನಲ್ಲಿದ್ದರು. ಅವರ ಆಸರೆಯನ್ನು ನಂಬಿ ಹುಡುಗನು ೧೯೩೫ರಲ್ಲಿ ಬೆಂಗಳೂರಿಗೆ ಹೊರಟನು. ರೈಲಿಗೆ ಕಾಸಿರಲಿಲ್ಲ. ಸುಮಾರು ಐವತ್ತು ಮೈಲಿಯ ಹಾದಿಯನ್ನು ಎರಡು ದಿನ ನಡೆದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಬಾಗಿಲಿಗೆ ಬಂದು ನಿಂತನು. ಹಾಗೆ ಬಂದವನು ಆ ಸಂಸ್ಥೆಯನ್ನು ಸಾಯುವ ತನಕ ಬಿಡಲಿಲ್ಲ.

೧೯೩೬ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದಾಗ ನ್ಯಾಷನಲ್ ಹೈಸ್ಕೂಲಿಗೂ ಬಂದರು. ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಭಾಗ್ಯ ಈ ಹಳ್ಳಿಯ ಹುಡುಗನ ಪಾಲಿಗೆ ಬಂದಿತು. ಹದಿನಾರು ವರ್ಷದ ವಿದ್ಯಾರ್ಥಿ, ದೊಡ್ಡವರೊಬ್ಬರ ಮಾತನ್ನು ಎತ್ತಿಕೊಂಡು, ಕೇಳುವವರಿಗೆ ಅರ್ಥವಾಗುವ ನುಡಿಯಲ್ಲಿ ಇಳಿಸಿಕೊಟ್ಟನು. ಅವರ ಜೀವಮಾನದ ಕೆಲಸವೆಲ್ಲ ಈ ಒಂದು ಕೆಲಸದ ಬೆಳವಣಿಗೆಯೇ ಎಂದು ನನಗೆ ತೋರುತ್ತದೆ. ಖಾದಿಯೂ ಬಿಳಿಯ ಟೋಪಿಯೂ ಕೊನೆಯವರೆಗೆ ಅವರ ಮೈಮೇಲೆ ಉಳಿದವು. ಸ್ವಂತ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಆ ಕಾಲದ ಹುಡುಗರ ಮನಸ್ಸು ಎತ್ತ ಹರಿಯುತ್ತಿತ್ತೆಂಬುದಕ್ಕೆ ಇದೊಂದು ಸಾಕು.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ ೧೯೪೨ರ ಚಲೇಜಾವ್ ಚಳವಳಿ ಬಂದಿತು. ಓದನ್ನು ಅರ್ಧಕ್ಕೆ ಬಿಟ್ಟು ಅವರು ಚಳವಳಿಗೆ ಧುಮುಕಿದರು. ಬೆಂಗಳೂರು, ಮೈಸೂರು, ಯೆರವಡಾ ಸೆರೆಮನೆಗಳಲ್ಲಿ ಒಟ್ಟು ಒಂಬತ್ತು ತಿಂಗಳ ಕಾಲ ಕಳೆಯಿತು. ಹೊರಗೆ ಬಂದ ಮೇಲೆ ಬಿಟ್ಟ ಪುಸ್ತಕವನ್ನು ಮತ್ತೆ ತೆರೆದರು. ೧೯೪೬ರಲ್ಲಿ ಎಂ.ಎಸ್ಸಿ. ಮುಗಿಸಿ, ಆಗಷ್ಟೇ ಹಿಂದಿನ ವರ್ಷ ಪ್ರಾರಂಭವಾಗಿದ್ದ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಚಿಕ್ಕ ಕೊಠಡಿಯೇ ಅವರ ಮನೆಯಾಯಿತು. ಕುಲಪತಿಯಾದಾಗಲೂ ಆ ಕೊಠಡಿಯನ್ನು ಅವರು ಬಿಡಲಿಲ್ಲ.

ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ೧೯೬೦ರಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್.ಡಿ. ಪದವಿ ಪಡೆದಾಗ ಅವರಿಗೆ ನಲವತ್ತು ವರ್ಷ. ಅಲ್ಲಿಯೇ ನಿಂತಿದ್ದರೆ ನಿಲ್ಲಬಹುದಿತ್ತು. ಆ ಕಾಲದಲ್ಲಿ ಪರಮಾಣು ವಿಜ್ಞಾನ ಬಲ್ಲವರಿಗೆ ಆ ದೇಶದಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಅವರು ಹಿಂದಿರುಗಿದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು.

೧೯೬೨ರಲ್ಲಿ ಅವರು ಪ್ರಾರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಈ ಲೇಖನದ ಮುಖ್ಯ ವಿಷಯ. ಅದನ್ನು ಅರಿಯಬೇಕಾದರೆ ಅಂದಿನ ಬೆಂಗಳೂರನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಊರಿನ ಉತ್ತರಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ೧೯೦೯ರಿಂದ ಇದ್ದಿತು. ೧೯೩೩ರಲ್ಲಿ ಅಲ್ಲಿಗೆ ಬಂದ ಸರ್ ಸಿ. ವಿ. ರಾಮನ್ ಅವರು ೧೯೪೮ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದ್ದರು. ವಿಮಾನ ವಿಜ್ಞಾನದ ರಾಷ್ಟ್ರೀಯ ಪ್ರಯೋಗಶಾಲೆ ೧೯೬೦ರಲ್ಲಿ ಬಂದಿತ್ತು. ಹೀಗೆ ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ಒಂದೇ ಊರಿನಲ್ಲಿ ನೆರೆದಿದ್ದರೂ ಚಿಕ್ಕಪೇಟೆಯ ವ್ಯಾಪಾರಿಗೂ, ಗಾಂಧಿಬಜಾರಿನ ಹೂವಿನವಳ ಮಗನಿಗೂ ಅವರಿಗೂ ನಡುವೆ ದೊಡ್ಡ ಕಾಂಪೌಂಡು ಗೋಡೆ ಇದ್ದಿತು. ಜನರ ತೆರಿಗೆಯಿಂದ ನಡೆಯುವ ವಿದ್ಯೆ ಜನರ ಕಿವಿಗೆ ಬೀಳುತ್ತಿರಲಿಲ್ಲ.

ಆ ಗೋಡೆಯನ್ನು ದಾಟುವ ಯತ್ನ ಅದಕ್ಕೆ ಮುಂಚೆ ನಡೆದಿರಲಿಲ್ಲವೆಂದಲ್ಲ. ೧೯೧೮ರಷ್ಟು ಹಿಂದೆಯೇ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಮೊದಲಾದವರು ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಎರಡು ವರ್ಷ ನಡೆದು ಅದು ನಿಂತಿತು. ಒಳ್ಳೆಯ ಕೆಲಸವನ್ನು ಆರಂಭಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೂರನೆಯ ವರ್ಷದಲ್ಲಿ ಅದು ಬದುಕಿರುತ್ತದೆಯೋ ಎಂಬುದೇ ಪ್ರಶ್ನೆ. ನಮ್ಮ ಸಂಘ ಸಂಸ್ಥೆಗಳನ್ನು ನಡೆಸಿದವರಿಗೆಲ್ಲ ಈ ಮಾತು ಅರ್ಥವಾಗುತ್ತದೆ.

ನರಸಿಂಹಯ್ಯನವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಬಹಳ ಸರಳವಾದುದು. ಬುಧವಾರ ಸಂಜೆ ಉಪನ್ಯಾಸ. ಈ ವಾರವೂ ಬುಧವಾರ, ಮುಂದಿನ ವಾರವೂ ಬುಧವಾರ. ಸ್ಥಳ ಬಸವನಗುಡಿಯ ನ್ಯಾಷನಲ್ ಕಾಲೇಜು. ಪ್ರವೇಶಕ್ಕೆ ಹಣವಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ತನ್ನ ವಿಷಯವನ್ನು ತಾನೇ ಕೈಯಾರೆ ದುಡಿದು ಬಲ್ಲ ವಿಜ್ಞಾನಿಯೇ ಬಂದು ಮಾತನಾಡಬೇಕು. ಕೇಳಿದವರು ಪ್ರಶ್ನೆ ಹಾಕಬೇಕು. ಹಾಕಿದ ಪ್ರಶ್ನೆಗೆ ಉತ್ತರ ಬರಬೇಕು. ಇದಕ್ಕಿಂತ ಹೆಚ್ಚಿನ ಯೋಜನೆಯೇನೂ ಅಲ್ಲಿರಲಿಲ್ಲ. ಹಾರ ತುರಾಯಿಗಳ, ಅಧ್ಯಕ್ಷ ಭಾಷಣಗಳ ಭಾರವನ್ನು ಇಳಿಸಿ ನೋಡಿದರೆ ಸಭೆಯೆಂಬುದು ಎಷ್ಟು ಅಗ್ಗವಾಗಿ ನಡೆಯಬಲ್ಲದೆಂಬುದನ್ನು ಈ ಬುಧವಾರಗಳು ತೋರಿಸಿದವು. (ನಮ್ಮ ರಾಜ್ಯೋತ್ಸವದ ಸಭೆಗಳಲ್ಲಿ ಸ್ವಾಗತವೂ ವಂದನಾರ್ಪಣೆಯೂ ತೆಗೆದುಕೊಳ್ಳುವ ಕಾಲವನ್ನು ಎಣಿಸಿದವರು ಇಲ್ಲಿ ನಗಬಹುದು.)

ಸರಳವೆಂದರೆ ಸುಲಭವೆಂದು ತಿಳಿಯಬಾರದು. ವರ್ಷಕ್ಕೆ ಐವತ್ತೆರಡು ಬುಧವಾರಗಳು. ಪ್ರತಿಯೊಂದಕ್ಕೂ ಒಬ್ಬ ವಿಜ್ಞಾನಿಯನ್ನು ಒಪ್ಪಿಸಬೇಕು, ವಿಷಯ ಗೊತ್ತುಮಾಡಬೇಕು, ಪತ್ರಿಕೆಗಳಿಗೆ ತಿಳಿಸಬೇಕು, ಬಾಗಿಲು ತೆಗೆಸಬೇಕು, ದೀಪ ಹಾಕಿಸಬೇಕು. ಮಳೆ ಸುರಿದ ಸಂಜೆ ಕೆಲವೇ ಮಂದಿ ಬಂದರೂ ಉಪನ್ಯಾಸಕರ ಉತ್ಸಾಹ ಇಳಿಯದಂತೆ ನೋಡಿಕೊಳ್ಳಬೇಕು. ಇನ್ನೂ ಒಂದು ಕಷ್ಟವುಂಟು. ವಿಜ್ಞಾನಿಗೆ ತನ್ನ ಸಮಾನರ ಮುಂದೆ ಮಾತನಾಡುವುದು ರೂಢಿ. ಹತ್ತನೆಯ ತರಗತಿಯ ಹುಡುಗನೂ, ನಿವೃತ್ತ ಗುಮಾಸ್ತರೂ, ಗೃಹಿಣಿಯೂ ಪಕ್ಕಪಕ್ಕದಲ್ಲಿ ಕುಳಿತಿರುವಾಗ ಆತನ ನಾಲಗೆ ತಡವರಿಸುತ್ತದೆ. ಗಣಿತದ ಚಿಹ್ನೆಗಳನ್ನು ಬಿಟ್ಟರೆ ತನ್ನ ವಿಷಯದಲ್ಲಿ ಉಳಿಯುವುದೇನು ಎಂದು ಆತನು ಮೊದಲ ಬಾರಿಗೆ ಯೋಚಿಸಬೇಕಾಗುತ್ತದೆ. ಹೀಗೆ ಯೋಚಿಸಿದ ವಿಜ್ಞಾನಿಗೆ ತನ್ನ ಕೆಲಸ ಮುಂಚಿಗಿಂತ ಸ್ಪಷ್ಟವಾಗುವುದೂ ಉಂಟು. ಇಂಥ ಸಭೆಗಳಿಂದ ಲಾಭ ಜನರಿಗೆ ಮಾತ್ರವೆಂದು ಎಣಿಸುವುದು ತಪ್ಪು. ಪ್ರಯೋಗಶಾಲೆಯೂ ಅಷ್ಟೇ ಪಡೆದುಕೊಳ್ಳುತ್ತದೆ.

ಬುಧವಾರಗಳ ಜೊತೆಗೆ ವರ್ಷವರ್ಷವೂ ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ ನಡೆಯುವ ಪದ್ಧತಿ ಬೆಳೆಯಿತು. ರಾಮನವಮಿಗೆ ಬೆಂಗಳೂರಿನಲ್ಲಿ ಸಂಗೀತೋತ್ಸವಗಳು ವಾರಗಟ್ಟಲೆ ನಡೆಯುವುದನ್ನು ಎಲ್ಲರೂ ಬಲ್ಲರು. ಹಾಗೆಯೇ ವಿಜ್ಞಾನಕ್ಕೂ ಒಂದು ತಿಂಗಳ ಹಬ್ಬ. ಇಂದಿಗೆ ಫೋರಂ ನಡೆಸಿದ ಉಪನ್ಯಾಸಗಳ ಸಂಖ್ಯೆ ಎರಡು ಸಾವಿರವನ್ನು ಮೀರಿದೆ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ೧೯೬೯, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ ಮೇಲೇರಿದ ೧೯೭೫, ಇಂಥ ವರ್ಷಗಳು ಬಂದಾಗ, ವಾರ್ತಾಪತ್ರಿಕೆಯಲ್ಲಿ ಓದಿ ಬೆರಗಾಗುವುದಕ್ಕಿಂತ ಮುಂದೆ ಹೋಗಿ ಇದು ಹೇಗೆ, ಏಕೆ ಎಂದು ಕೇಳಬಯಸುವವರಿಗೆ ಊರಿನಲ್ಲಿ ಒಂದು ಜಾಗವಿದ್ದಿತು ಎಂಬುದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬಸವನಗುಡಿ ವಿದ್ಯಾವಂತರ ಬಡಾವಣೆ. ಉಪನ್ಯಾಸಗಳಲ್ಲಿ ಇಂಗ್ಲಿಷಿನ ಪಾಲು ದೊಡ್ಡದಾಗಿದ್ದಿತು. ಗೌರಿಬಿದನೂರಿನಿಂದ ನಡೆದುಬಂದ ಹುಡುಗನಂಥವನು ಅಲ್ಲಿ ಕುಳಿತಿದ್ದರೆ ಅವನಿಗೆಷ್ಟು ಹಿಡಿಯುತ್ತಿತ್ತು ಎಂದು ಕೇಳುವವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನರಸಿಂಹಯ್ಯನವರಿಗೆ ಈ ಕೊರತೆ ಕಾಣಲಿಲ್ಲವೆಂದು ಹೇಳಲಾಗದು. ಅವರ ನ್ಯಾಷನಲ್ ಶಿಕ್ಷಣ ಸಂಸ್ಥೆ ಬೆಂಗಳೂರಿಗೇ ಅಂಟಿಕೊಳ್ಳದೆ ಗೌರಿಬಿದನೂರಿನಲ್ಲಿಯೂ, ಆಂಧ್ರದ ಗಡಿಗೆ ತಾಗಿದ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ತೆರೆಯಿತು. ಹಣ ಕೊಟ್ಟವನಿಗೆ ಸೀಟು ಎಂಬ ವ್ಯಾಪಾರವನ್ನು ಅವರು ಉದ್ದಕ್ಕೂ ವಿರೋಧಿಸಿದರು. ತಮ್ಮ ಸಂಪಾದನೆಯನ್ನೂ ಸಂಸ್ಥೆಗೇ ಒಪ್ಪಿಸಿದರು. ಹಳ್ಳಿಯ ಹುಡುಗ ಐವತ್ತು ಮೈಲಿ ನಡೆಯಬೇಕಾಗಿ ಬರದಿರಲೆಂದು ಕಾಲೇಜೇ ಹಳ್ಳಿಯ ಹತ್ತಿರಕ್ಕೆ ಹೋಯಿತೆನ್ನಬೇಕು.

೧೯೭೨ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು; ೧೯೭೭ರವರೆಗೆ ಆ ಸ್ಥಾನದಲ್ಲಿದ್ದರು. ಅವರ ಹೆಸರು ದೇಶದಾದ್ಯಂತ ಹಬ್ಬಿದ್ದು ಆ ಅವಧಿಯ ಒಂದು ಕೆಲಸದಿಂದ. ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸುವುದಕ್ಕೆ ಒಂದು ಸಮಿತಿಯನ್ನು ರಚಿಸಿ ತಾವೇ ಅದರ ಅಧ್ಯಕ್ಷರಾದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಒಂದಲ್ಲ, ಮೂರು ಪತ್ರಗಳನ್ನು ಬರೆದು, ಸಮಿತಿಯ ಎದುರಿನಲ್ಲಿ ತಮ್ಮ ಪವಾಡಗಳನ್ನು ಮಾಡಿ ತೋರಿಸಬೇಕೆಂದು ಕೇಳಿಕೊಂಡರು. ಉತ್ತರ ಬರಲಿಲ್ಲ. ಬರಿಗೈಯಿಂದ ವಿಭೂತಿಯನ್ನೋ ಉಂಗುರವನ್ನೋ ಬರಿಸುವುದಕ್ಕೆ ಬದಲು, ತೋಳಿನಲ್ಲಿ ಅಡಗಿಸಿಡಲಾಗದ ಒಂದು ಕುಂಬಳಕಾಯಿಯನ್ನು ಬರಿಸಲಿ ಎಂಬ ಅವರ ಕೋರಿಕೆ ಆಗ ಮನೆಮನೆಯ ಮಾತಾಯಿತು. ಪಾಂಡವಪುರದಲ್ಲಿ ಒಬ್ಬ ಬಾಲಕನ ಮೈಯಿಂದ ವಿಭೂತಿ ಉದುರುತ್ತದೆಂದು ಜನ ಮುಗಿಬೀಳುತ್ತಿದ್ದಾಗ ಸಮಿತಿಯವರು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದರು. ವಿಭೂತಿ ಬಟ್ಟೆಯೊಳಗೆ ಅಡಗಿದ್ದಿತೆಂಬುದು ಬಯಲಾಯಿತು.

ಇದರಿಂದ ನೊಂದುಕೊಂಡವರು ಹಲವರು. ವಿಶ್ವವಿದ್ಯಾನಿಲಯಕ್ಕೆ ಈ ಉಸಾಬರಿ ಏಕೆಂದು ಕೇಳಿದವರೂ ಉಂಟು. ನಮ್ಮ ವಾಚಕರಲ್ಲಿಯೂ ಬಾಬಾ ಅವರ ಭಕ್ತರಿರಬಹುದು. ಅವರ ಮನಸ್ಸನ್ನು ನೋಯಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ನರಸಿಂಹಯ್ಯನವರ ನಿಲುವನ್ನು ನೆಟ್ಟಗೆ ತಿಳಿದುಕೊಳ್ಳುವುದು ನ್ಯಾಯ. ಯಾರ ಪೂಜೆಯನ್ನೂ ನಿಲ್ಲಿಸಿರೆಂದು ಆ ಸಮಿತಿ ಹೇಳಲಿಲ್ಲ. ಪ್ರಕೃತಿಯ ನಿಯಮವನ್ನು ಮೀರಿ ಒಂದು ಸಂಗತಿ ನಡೆಯಿತೆಂದು ಯಾರಾದರೂ ಸಾರಿದರೆ, ಅದನ್ನು ನೋಡಿ ಪರೀಕ್ಷಿಸುವ ಹಕ್ಕು ಎಲ್ಲರಿಗೂ ಉಂಟು ಎಂಬುದಷ್ಟೇ ಅವರ ವಾದ. ಭೌತಶಾಸ್ತ್ರದ ಮೇಷ್ಟರು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೆ ಹೇಳುವ ಪಾಠವನ್ನೇ ಅವರು ಊರಿಗೆಲ್ಲ ಹೇಳಿದರು. ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯಗಳಲ್ಲಿ ಒಂದೆಂದು ಸೇರಿಸಿದ್ದೂ ಅದೇ ೧೯೭೬ರಲ್ಲಿಯೇ.

ಹೀಗಿದ್ದರೂ ನನ್ನ ಎಣಿಕೆಯಲ್ಲಿ ಕುಂಬಳಕಾಯಿಗಿಂತ ಬುಧವಾರವೇ ದೊಡ್ಡದು. ಪವಾಡದ ಸಮಿತಿ ಪತ್ರಿಕೆಗಳಲ್ಲಿ ಸದ್ದು ಮಾಡಿತು, ಕೆಲಕಾಲದಲ್ಲಿ ಮುಗಿಯಿತು. ನಂಬಿದವನ ನಂಬಿಕೆ ಒಂದು ಸವಾಲಿನಿಂದ ಅಳಿಯುವುದಿಲ್ಲ; ಎಷ್ಟೋ ಸಲ ಇನ್ನೂ ಗಟ್ಟಿಯಾಗುತ್ತದೆ. ವಾರ ವಾರವೂ ಬಂದು ಕುಳಿತು, ಸೂರ್ಯನ ವಿಷಯ, ನೀರಿನ ವಿಷಯ, ರೋಗದ ವಿಷಯ ಕೇಳಿ, ಕೈಯೆತ್ತಿ ಪ್ರಶ್ನೆ ಹಾಕಿ ಅಭ್ಯಾಸವಾದವನಿಗೆ ಮಾತ್ರ ಬೇರೆಯವರ ಸವಾಲು ಬೇಕಾಗುವುದಿಲ್ಲ.

೧೯೮೦ರ ಫೆಬ್ರವರಿ ೧೬ರ ಖಗ್ರಾಸ ಸೂರ್ಯಗ್ರಹಣವನ್ನು ಹಿರಿಯರು ಮರೆತಿರಲಾರರು. ಅದರ ನೆರಳು ಕಾರವಾರದ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರುಗಳ ಕಡೆಗೆ ನಮ್ಮ ನಾಡಿನ ನಡುವೆಯೇ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ಖಗೋಳ ವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿ ಕಾಯುತ್ತಿದ್ದರು. ಅದೇ ಹೊತ್ತಿನಲ್ಲಿ ಊರೂರುಗಳಲ್ಲಿ ಬೀದಿಗಳು ಬಿಕೋ ಎಂದವು. ಜನ ಕದವಿಕ್ಕಿ ಕುಳಿತರು, ನೀರಿಗೆ ದರ್ಭೆ ಹಾಕಿದರು, ಬಸುರಿ ಹೆಂಗಸರನ್ನು ಕತ್ತಲ ಕೋಣೆಯಲ್ಲಿ ಕೂರಿಸಿದರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣಿಗೆ ಕೇಡು ಎಂಬುದು ನಿಜ. ಆದರೆ ಸರಿಯಾದ ಕಪ್ಪು ಕನ್ನಡಕವೊಂದಿದ್ದರೆ, ಅಥವಾ ರಟ್ಟಿನಲ್ಲಿ ಸೂಜಿಯ ತೂತು ಮಾಡಿ ನೆಲದ ಮೇಲೆ ಬಿಂಬ ಬೀಳಿಸಿದರೆ, ಬಾಳಿನಲ್ಲಿ ಒಂದೇ ಬಾರಿ ಬಾಗಿಲಿಗೆ ಬಂದ ಆ ನೋಟವನ್ನು ಮನೆಮಂದಿಯೆಲ್ಲ ನೋಡಬಹುದಾಗಿತ್ತು. ಪರದೇಶದಿಂದ ಹಣ ಖರ್ಚುಮಾಡಿಕೊಂಡು ನೋಡಬಂದವರು ಒಂದು ಕಡೆ, ಅಂಗಳದಲ್ಲಿಯೇ ಬಿದ್ದುದನ್ನು ನೋಡದೆ ಉಳಿದವರು ಮತ್ತೊಂದು ಕಡೆ. ವಿಜ್ಞಾನಿಗೂ ಹಳ್ಳಿಗೂ ನಡುವೆ ಒಬ್ಬ ನರಸಿಂಹಯ್ಯ ಇಲ್ಲದಿದ್ದರೆ ಆಗುವ ನಷ್ಟವೆಂದರೆ ಇದು.

ಈ ವಿಷಯದಲ್ಲಿ ನಾವು ನೆಲೆಸಿರುವ ನೆಲ ಬಡವೇನೂ ಅಲ್ಲ. ಮಹಾರಾಷ್ಟ್ರದ ಬಂಧುಗಳು ೧೯೬೬ರಲ್ಲಿಯೇ ಮರಾಠಿ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿಕೊಂಡರು. ಪುಣೆಯಲ್ಲಿ ೧೯೮೮ರಲ್ಲಿ ಜಯಂತ ನಾರಳೀಕರರು ಕಟ್ಟಿದ ಖಗೋಳ ಸಂಸ್ಥೆಯಲ್ಲಿ ಶಾಲೆಯ ಮಕ್ಕಳಿಗೆಂದೇ ಶನಿವಾರದ ಉಪನ್ಯಾಸಗಳ ಪದ್ಧತಿ ಬೆಳೆಯಿತು. ನಮ್ಮ ಶಿರೂರು ಇರುವ ಈ ಪುಣೆ ಜಿಲ್ಲೆಯಲ್ಲಿಯೇ, ಜುನ್ನರ ತಾಲೂಕಿನ ಖೋಡದ ಗ್ರಾಮದಲ್ಲಿ, ಗೋವಿಂದ ಸ್ವರೂಪರು ಕಟ್ಟಿಸಿದ ದೊಡ್ಡ ರೇಡಿಯೋ ದೂರದರ್ಶಕವಿದೆ: ಒಂದೊಂದೂ ನಲವತ್ತೈದು ಮೀಟರ್ ಅಗಲದ ಮೂವತ್ತು ತಟ್ಟೆಗಳು, ಹೊಲಗದ್ದೆಗಳ ನಡುವೆ ಇಪ್ಪತ್ತೈದು ಕಿಲೊಮೀಟರಿನ ಹರವಿನಲ್ಲಿ ನಿಂತಿವೆ. ರಾಮನ್ ಅವರು ೧೯೨೮ರಲ್ಲಿ ತಮ್ಮ ಶೋಧವನ್ನು ಕಂಡ ಫೆಬ್ರವರಿ ೨೮ ರಾಷ್ಟ್ರೀಯ ವಿಜ್ಞಾನ ದಿನ. ಅದರ ಸಮಯಕ್ಕೆ ಖೋಡದದಲ್ಲಿ ಜನರಿಗಾಗಿ ಬಾಗಿಲು ತೆರೆಯುವ ವಾಡಿಕೆ ಬೆಳೆದಿದೆ. ಸುತ್ತಲಿನ ಹಳ್ಳಿಯ ಶಾಲೆಗಳ ಮಕ್ಕಳು ತಾವು ಮಾಡಿದ ಉಪಕರಣಗಳನ್ನು ತಂದು ಜೋಡಿಸುತ್ತಾರೆ, ವಿಜ್ಞಾನಿಗಳು ಪಕ್ಕದಲ್ಲಿ ನಿಂತು ಉತ್ತರ ಹೇಳುತ್ತಾರೆ. ಜಾತ್ರೆಯ ಹಾಗೆ ಜನ ಸೇರುತ್ತದೆ. ನರಸಿಂಹಯ್ಯನವರ ಹುಟ್ಟು ತಾಲ್ಲೂಕಾದ ಗೌರಿಬಿದನೂರಿನಲ್ಲಿಯೂ ೧೯೭೬ರಿಂದ ಒಂದು ರೇಡಿಯೋ ದೂರದರ್ಶಕವಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ಮಕ್ಕಳು ಇಲ್ಲಿ ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುತ್ತಾರೆ. ಅವರಿಗೆ ಕನ್ನಡವೆಂದರೆ ಅಡುಗೆಮನೆಯ ಮಾತು, ಅಜ್ಜಿಯ ಮಾತು, ಫೋನಿನಲ್ಲಿ ಊರಿನವರೊಡನೆ ಆಡುವ ಮಾತು. ಗ್ರಹಣ, ಗುರುತ್ವ, ಪರಮಾಣು ಎಂಬ ಪದಗಳನ್ನು ಅವರು ಕನ್ನಡದ ಬಾಯಿಂದ ಕೇಳುವುದೇ ಇಲ್ಲ. ರಾಜ್ಯೋತ್ಸವದಲ್ಲಿ ಕೋಲಾಟವೂ ಭಾವಗೀತೆಯೂ ಇರಲಿ. ಜೊತೆಗೆ ಪುಣೆಯ ಸಂಶೋಧನಾಲಯಗಳಲ್ಲಿ ದುಡಿಯುವ ಕನ್ನಡದ ತರುಣ ತರುಣಿಯರಲ್ಲಿ ಒಬ್ಬರನ್ನು ಕರೆಸಿ, ಅವರು ಮಾಡುವ ಕೆಲಸವನ್ನು ನಮ್ಮ ತಾಯಂದಿರಿಗೂ ಮಕ್ಕಳಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿಸಿದರೆ ಖರ್ಚು ಒಂದು ಬಸ್ಸಿನ ಟಿಕೆಟ್ಟು, ಒಂದು ಊಟ. ಸಂಘದ ಕಾರ್ಯಕಾರಿ ಸಮಿತಿಯವರು ಇದನ್ನು ಯೋಚಿಸಬೇಕೆಂದು ಈ ಸಂಚಿಕೆಯ ಮೂಲಕವೇ ಕೇಳಿಕೊಳ್ಳುತ್ತೇನೆ.

ಇನ್ನು ಉಳಿದ ಸಂಗತಿಗಳನ್ನು ಬೇಗ ಹೇಳಿಬಿಡಬಹುದು. ೧೯೮೪ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ರಾಜ್ಯದ ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. ವಿಜ್ಞಾನ, ಅವಿಜ್ಞಾನ, ಅತೀಂದ್ರಿಯ ಸಂಗತಿಗಳನ್ನು ಕುರಿತ ಲೇಖನಗಳನ್ನು ಕೂಡಿಸಿ ಫೋರಂ ವತಿಯಿಂದ ೧೯೮೭ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಸಂಪಾದಿಸಿಕೊಟ್ಟರು. ವಿಚಾರವಾದಿಯೆಂದರೆ ಒಣಮನುಷ್ಯನೆಂದು ಬಗೆಯುವವರುಂಟು. ಇವರು ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿ ಸಂಗೀತ ನಾಟಕಗಳಿಗೂ ಸ್ಥಳ ಮಾಡಿಕೊಟ್ಟವರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಊರಿಗೆ ಹೋದಾಗ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಕೊಂಡು ತರಬೇಕಾದ ಪುಸ್ತಕ.

ಹುಡುಗರ ನಡುವೆ, ಹಾಸ್ಟೆಲಿನ ಆ ಕೊಠಡಿಯಲ್ಲಿಯೇ, ಮುಪ್ಪು ಬಂದಿತು. ಆಸ್ತಿಯೆಂದು ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ೨೦೦೫ನೆಯ ಇಸವಿ ಜನವರಿ ೩೧ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ನರಸಿಂಹಯ್ಯನವರು ತೀರಿಕೊಂಡರು. ಅಂದು ಸೋಮವಾರ. ಸೈನ್ಸ್ ಫೋರಂ ಅವರೊಡನೆ ಮುಗಿಯಲಿಲ್ಲ. ಬಸವನಗುಡಿಯಲ್ಲಿ ಬುಧವಾರದ ಉಪನ್ಯಾಸಗಳು ಮುಂದುವರಿದವು.